ಮುಂದಿನ ಬಂಡಿ ನಿಂತಾಗ

ನನ್ನ ಅಕ್ಕ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಎಡಗಾಲು ಕಳೆದುಕೊಂಡಳು. ಕಳೆದವನು ನಾನು.

ಆಗ ನನಗೆ ಇಪ್ಪತ್ತು ವರ್ಷ. ನಮ್ಮ ತಂದೆ ಸಿರುಗುಪ್ಪದ ಕಚೇರಿಯಲ್ಲಿ ಗುಮಾಸ್ತರು. ಅಕ್ಕನನ್ನು ಬಳ್ಳಾರಿಗೆ ಕೊಟ್ಟಿತ್ತು. ಭಾವನಿಗೆ ಅಲ್ಲಿನ ರೈಲು ಠಾಣೆಯಲ್ಲಿ ಕೆಲಸ. ಬಳ್ಳಾರಿಗೆ ರೈಲು ಬಂದಿತ್ತೇನೋ ನಿಜ, ಆದರೆ ನಮ್ಮೂರಿನಿಂದ ಬಳ್ಳಾರಿಗೆ ಹೋಗಬೇಕೆಂದರೆ ಎತ್ತಿನ ಬಂಡಿಯೇ ಗತಿ. ಕುರುಗೋಡಿನ ಮೇಲೆ ಹಾಯ್ದು ಹೋಗುವ ಎರಡು ದಿನದ ದಾರಿ. ಆ ವರ್ಷ ಸುಗ್ಗಿ ಮುಗಿದ ಮೇಲೆ ಅಕ್ಕ ತವರಿಗೆ ಬಂದು ಎರಡು ತಿಂಗಳಿದ್ದಳು. ಅವಳನ್ನು ಗಂಡನ ಮನೆಗೆ ಮುಟ್ಟಿಸಿ ಬರುವುದು ನನ್ನ ಪಾಲಿಗೆ ಬಂತು.

ಎರಡು ಬಂಡಿ ಹೊರಟವು. ಮೊದಲನೆಯದು ಬಿದಿರಿನ ಕಮಾನು ಕಟ್ಟಿ ಚಾಪೆ ಹೊದಿಸಿದ ಸವಾರಿ ಬಂಡಿ. ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನೆ ಹಾಸಿ ಅಕ್ಕನಿಗೆ ಕೂರಲು ಜಾಗ ಮಾಡಿತ್ತು. ಅದನ್ನು ಹೊಡೆಯುವವನು ನಮ್ಮ ಬಂಡಿಯ ಅಜ್ಜ. ಅಜ್ಜ ಎಂದರೆ ಸಂಬಂಧಿಕನಲ್ಲ. ಕೆಂಚನಗುಡ್ಡದವನು, ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಮನೆಗೆ ಬಂಡಿ ಹೊಡೆಯುತ್ತಿದ್ದ. ಅಕ್ಕನೂ ನಾನೂ ಮಾತು ಕಲಿತಾಗಿನಿಂದ ಅವನನ್ನು ಅಜ್ಜ ಎಂದೇ ಕರೆದವರು. ಎರಡನೆಯದು ಸಾಮಾನಿನ ಬಂಡಿ. ಎಂಟು ಚೀಲ ಅಕ್ಕಿ, ಒಂದು ತಾಮ್ರದ ಹಂಡೆ, ಅಕ್ಕನ ಪೆಟ್ಟಿಗೆ. ಅದನ್ನು ಹೊಡೆಯಬೇಕಾದವನಿಗೆ ಹಿಂದಿನ ದಿನ ಚಳಿಜ್ವರ ಹತ್ತಿತು. ನಾನು ಹೊಡೆಯುತ್ತೇನೆ ಎಂದು ಮುಂದೆ ಬಿದ್ದೆ. ಹೊಲದಲ್ಲಿ, ನದಿಯ ದಂಡೆಯಲ್ಲಿ ಖಾಲಿ ಬಂಡಿ ಓಡಿಸಿ ರೂಢಿಯಿತ್ತು. ತುಂಬಿದ ಬಂಡಿಯನ್ನು ಹೊಡೆದವನಲ್ಲ. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಅಜ್ಜ ಮಾತ್ರ ಹೊರಡುವಾಗ ನನ್ನ ನೊಗದ ಹಗ್ಗಗಳನ್ನೆಲ್ಲ ಎಳೆದು ನೋಡಿ ಹೇಳಿದ: "ಸಣ್ಣ ರಾಯರ, ನನ್ನ ಬಂಡಿ ಹಿಂದ ಎರಡು ಬಂಡಿ ಹಿಡಿಯುವಷ್ಟು ಜಾಗ ಬಿಟ್ಟು ಬರ್ರಿ. ಇಳುಕಲು ಬಂದ್ರ ನಾಕು ಬಂಡಿ. ಅಕ್ಕಿ ಚೀಲಕ್ಕ ನಿಂದ್ರು ಅಂದ್ರ ತಿಳಿಯೂದಿಲ್ಲ. ಎತ್ತು ನಿಂತರೂ ಅವು ದಬ್ಬತಾವ."

ಆಗಲಿ ಎಂದೆ. ಮೊದಲ ದಿನ ಹಾಗೆಯೇ ನಡೆದೆ. ದಾರಿ ಸಪಾಟು, ಕರಿ ನೆಲ. ಮುಂದಿನ ಬಂಡಿ ಎಬ್ಬಿಸಿದ ಧೂಳೆಲ್ಲ ನನ್ನ ಬಾಯಿಗೇ ಬರುತ್ತಿತ್ತು. ಸಂಜೆಗೆ ತೆಕ್ಕಲಕೋಟೆ ದಾಟಿ ಒಂದು ಹಳ್ಳಿಯ ಛತ್ರದಲ್ಲಿ ಇಳಿದುಕೊಂಡೆವು. ನನ್ನ ಮುಖ ನೋಡಿ ಅಕ್ಕ ನಕ್ಕಳು. "ಕನ್ನಡಿ ತೋರಿಸ್ಲೇನು? ಹುಬ್ಬು ಎಲ್ಲವ ಅಂತ ಹುಡುಕಬೇಕು ನೋಡು."

ಮರುದಿನ ಬೆಳಿಗ್ಗೆ ಅವಳು ಬಂಡಿಯ ಒಳಗೆ ಕೂರಲಿಲ್ಲ. ಸೆಖೆ ಎಂದು ಹಿಂಬದಿಗೆ ಸರಿದು, ನನ್ನ ಕಡೆ ಮುಖ ಮಾಡಿ, ಕಾಲು ಇಳಿಬಿಟ್ಟು ಕುಳಿತಳು. ಮಾತಿಗೆ ಶುರುಮಾಡಿದಳು. ಬಳ್ಳಾರಿಯ ಅವಳ ಓಣಿಯಲ್ಲಿ ಒಬ್ಬ ತೆಲುಗು ಹೆಂಗಸಿದ್ದಳಂತೆ. ನೀರು ಹೊರುವವನೊಂದಿಗೆ ಅವಳಿಗೆ ದಿನಾ ಜಗಳ. ಅವಳು ತೆಲುಗಿನಲ್ಲಿ ಬಯ್ಯುವುದು, ಅವನು ಕೇಳದವನ ಹಾಗೆ ಉರ್ದುವಿನಲ್ಲಿ ಸಲಾಮು ಹೇಳುವುದು. ಅಕ್ಕ ಇಬ್ಬರ ದನಿಯನ್ನೂ ತೆಗೆದು ಆಡಿ ತೋರಿಸುತ್ತಿದ್ದಳು. ಗಾಲಿಯ ಸದ್ದಿನಲ್ಲಿ ನನಗೆ ಅರ್ಧ ಕೇಳುತ್ತಿರಲಿಲ್ಲ. ಕೇಳಲೆಂದು ಎತ್ತುಗಳನ್ನು ಸ್ವಲ್ಪ ಮುಂದಕ್ಕೆ ಬಿಟ್ಟೆ. ಎತ್ತುಗಳಿಗೂ ಅದೇ ಬೇಕಿತ್ತು. ಮುಂದಿನ ಬಂಡಿಯಿಂದ ಹೊರಗೆ ಜೋತುಬಿದ್ದಿದ್ದ ಹುಲ್ಲಿಗೆ ಅವು ಬಾಯಿ ಹಾಕತೊಡಗಿದವು. ಅಷ್ಟು ಹತ್ತಿರ ಬಂದರೆ ಧೂಳೂ ಕಡಿಮೆ. ನನಗೆ ಬಹಳ ಹಿತವಾಗಿತ್ತು.

ಅಜ್ಜ ಕಮಾನಿನ ಆಚೆಯಿಂದ ಕೂಗಿದ. "ಹಿಂದ ಸರೀರಿ ಸಣ್ಣ ರಾಯರ."

ಸರಿದೆ. ಕಥೆ ಕೇಳಿಸದಾಯಿತು. ಮತ್ತೆ ಹತ್ತಿರ ಬಂದೆ. ಅಜ್ಜ ಎರಡನೆಯ ಸಲ ಕೂಗಿದ. ಮತ್ತೆ ಸರಿದು ಮತ್ತೆ ಬಂದೆ. ಮೂರನೆಯ ಸಲ ಅವನು ಕೂಗಲಿಲ್ಲ.

ಕುರುಗೋಡು ಇನ್ನು ಹತ್ತಿರವೇ ಎನ್ನುವಾಗ ದಾರಿ ಕಲ್ಲುಗುಡ್ಡದ ಪಕ್ಕ ಹಾಯ್ದು ಒಂದು ಹಳ್ಳಕ್ಕೆ ಇಳಿಯುತ್ತದೆ. ಅಂಥ ದೊಡ್ಡ ಇಳುಕಲೇನಲ್ಲ. ನಡೆದು ಹೋಗುವವರಿಗೆ ಇಳುಕಲು ಎಂದು ಗೊತ್ತೂ ಆಗಲಿಕ್ಕಿಲ್ಲ. ಅಕ್ಕನ ಕಥೆಯಲ್ಲಿ ಆ ತೆಲುಗು ಹೆಂಗಸು ನೀರಿನವನ ಚರ್ಮದ ಚೀಲವನ್ನೇ ಕಸಿದುಕೊಂಡಿದ್ದಳು. ಮುಂದೇನಾಯಿತು ಎಂದು ನಾನು ಬಾಗಿದೆ. ಮುಂದೇನಾಯಿತು ಎಂದು ನನಗೆ ಇಂದಿಗೂ ತಿಳಿಯದು.

ಅಜ್ಜ "ಹೋ" ಎಂದ. ಮುಂದಿನ ಬಂಡಿ ನಿಂತಿತು.

ನಾನು ಹಗ್ಗ ಜಗ್ಗಿದೆ. ಎತ್ತುಗಳು ನಿಲ್ಲಲು ನೋಡಿದವು. ಕಾಲು ಊರಿ ಹಿಂದಕ್ಕೆ ವಾಲಿದ್ದು ನನಗೆ ಕಂಡಿತು. ಆದರೆ ಬೆನ್ನ ಹಿಂದಿನಿಂದ ಎಂಟು ಚೀಲ ಅಕ್ಕಿ ಅವನ್ನೂ ನನ್ನನ್ನೂ ಒಟ್ಟಿಗೇ ದಬ್ಬಿತು. ಎತ್ತುಗಳು ತಲೆ ತಪ್ಪಿಸಿ ಆಚೆಗೊಂದು ಈಚೆಗೊಂದು ಸರಿದವು. ನಡುವೆ, ನೊಗದಿಂದ ಮುಂದಕ್ಕೆ ಚಾಚಿದ್ದ ಮೂಕಿಯ ಮರ ನೆಟ್ಟಗೆ ಹೋಗಿ ಮುಂದಿನ ಬಂಡಿಯ ಹಿಂಪಟ್ಟಿಗೆ ಬಡಿಯಿತು. ಅಲ್ಲಿ ಅಕ್ಕನ ಎಡಗಾಲಿತ್ತು.

ಅವಳು ಚೀರಲಿಲ್ಲ ಎಂದುಕೊಂಡೆ. ನನ್ನನ್ನೇ ನೋಡುತ್ತಿದ್ದಳು. ಕಥೆ ಹೇಳುವಾಗ ತೆರೆದ ಬಾಯಿ ಹಾಗೆಯೇ ತೆರೆದಿತ್ತು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಕುರಿಗಳು ದಾರಿ ದಾಟುತ್ತಿದ್ದವು, ಅವುಗಳ ಕೊರಳಿನ ಗಂಟೆ ಅಲ್ಲಾಡುವುದು ಕಾಣುತ್ತಿತ್ತು, ಸದ್ದು ಇರಲಿಲ್ಲ. ಒಂದು ಚೀಲ ಬಿಚ್ಚಿ ಅಕ್ಕಿ ನನ್ನ ಬೆನ್ನ ಮೇಲಿನಿಂದ ಸುರಿಯುತ್ತಿತ್ತು. ಈ ಅಕ್ಕಿಯನ್ನು ಆರಿಸುವವರು ಯಾರು ಎಂದು ಯೋಚಿಸಿದೆ. ನಿಜವಾಗಿಯೂ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಬಂದದ್ದು ಅದೊಂದೇ.

ಅಜ್ಜ ಓಡಿ ಬಂದ. ನೊಗಕ್ಕೆ ಹೆಗಲು ಕೊಟ್ಟು ನನ್ನ ಎತ್ತುಗಳನ್ನು ಹಿಂದಕ್ಕೆ ನೂಕಲು ನೋಡಿದ. ನಾನು ಇನ್ನೂ ಹಗ್ಗ ಹಿಡಿದು ಕೂತೇ ಇದ್ದೆ.

"ಇಳೀರಿ," ಅಂದ.

ನಾನು ಇಳಿಯಲಿಲ್ಲ. ಕೈ ಬಿಚ್ಚಲು ಬರುತ್ತಿರಲಿಲ್ಲ. ಅವನು ಗಾಲಿಯ ಮೇಲೆ ಹತ್ತಿ ನನ್ನ ಕೆನ್ನೆಗೆ ಒಂದು ಏಟು ಕೊಟ್ಟ. ನಮ್ಮ ಮನೆಯ ಅಂಗಳದಲ್ಲಿ ಮೆಟ್ಟಿಲಿನ ಕೆಳಗೆ ನಿಂತೇ ಮಾತಾಡುತ್ತಿದ್ದ ಮನುಷ್ಯ. ನಮ್ಮ ತಂದೆಯೂ ನನಗೆ ಹೊಡೆದವರಲ್ಲ. ಆ ಏಟಿಗೆ ಕಿವಿ ತೆರೆಯಿತು. ಗಂಟೆಗಳು ಕೇಳಿಸಿದವು. ಅಕ್ಕನ ದನಿಯೂ ಕೇಳಿಸಿತು. ಅವಳು ಚೀರುತ್ತಿದ್ದಳು, ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

ಇಬ್ಬರೂ ಸೇರಿ ಬಂಡಿಯನ್ನು ಹಿಂದಕ್ಕೆ ನೂಕಿದೆವು. ಅಜ್ಜ ಹಗ್ಗ ತೆಗೆದು ಅವಳ ಮೊಣಕಾಲಿನ ಮೇಲೆ ಬಿಗಿದು ಕಟ್ಟಿದ. ಆಗ ನೋಡಿದೆ, ಅವನ ಬಂಡಿಯ ಮುಂದೆ ದಾರಿಯ ಮೇಲೆ ಕುರಿ ಕಾಯುವ ಮುದುಕಿಯೊಬ್ಬಳು ಬಿದ್ದಿದ್ದಳು. ಮರಿಯನ್ನು ಎಳೆದುಕೊಳ್ಳಲು ಹೋಗಿ ಜಾರಿ, ಎತ್ತುಗಳ ಕಾಲ ಹತ್ತಿರವೇ ಬಿದ್ದವಳು. ಅವಳಿಗೇನೂ ಆಗಿರಲಿಲ್ಲ. ಎದ್ದು ಬಂದು ಅಕ್ಕನನ್ನು ನೋಡಿ, ತನ್ನ ಕಂಬಳಿ ತೆಗೆದು ಅವಳ ಕಾಲ ಕೆಳಗೆ ಮಡಿಸಿ ಇಟ್ಟಳು.

ಕುರುಗೋಡಿನಲ್ಲಿ ಎಲುಬು ಕಟ್ಟುವವನೊಬ್ಬನಿದ್ದ. ಅವನು ಬಟ್ಟೆ ಸರಿಸಿ ನೋಡಿ ತಕ್ಷಣ ಮುಚ್ಚಿದ. "ಇದು ನನ್ನ ಕೈಲಿ ಆಗೂದಲ್ಲ. ಬಳ್ಳಾರಿ ದವಾಖಾನಿಗೆ ಹೋಗ್ರಿ. ದಾರ್‍ಯಾಗ ನಿಂದ್ರಬ್ಯಾಡ್ರಿ." ಸಾಮಾನಿನ ಬಂಡಿಯನ್ನು ಅವನ ಅಂಗಳದಲ್ಲೇ ಬಿಟ್ಟೆವು. ಅಜ್ಜ ಎತ್ತುಗಳನ್ನು ಓಡಿಸಿದ. ಒಳಗೆ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಪ್ರತಿ ಕಲ್ಲಿಗೂ ಅವಳು ನನ್ನ ಅಂಗೈಯನ್ನು ಕಚ್ಚುತ್ತಿದ್ದಳು. ಕಚ್ಚುವುದು ನಿಂತಾಗ ನನಗೆ ಹೆದರಿಕೆಯಾಗಿ ಅವಳ ಹೆಸರು ಹಿಡಿದು ಕರೆದೆ. ಹುಟ್ಟಿದಾಗಿನಿಂದ ಅಕ್ಕ ಎಂದು ಕರೆದವನು ಆ ದಿನ ಮೊದಲ ಸಲ ಹೆಸರು ಹಿಡಿದೆ.

ದೀಪ ಹಚ್ಚುವ ಹೊತ್ತಿಗೆ ಬಳ್ಳಾರಿಯ ದವಾಖಾನೆ ಮುಟ್ಟಿದೆವು. ಯಾರೋ ರೈಲು ಠಾಣೆಗೆ ಓಡಿದರು. ಭಾವ ಕೋಟಿನ ಗುಂಡಿ ಕೂಡ ಹಾಕಿಕೊಳ್ಳದೆ ಬಂದರು. ದೊರೆ ಡಾಕ್ಟರು ನೋಡಿ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ನನಗೆ ಅರ್ಥವಾಯಿತು, ಆದರೂ ನಂಬಲಿಲ್ಲ. ಅವರ ಕೈಕೆಳಗಿನ ಡಾಕ್ಟರು ಅದನ್ನು ತೆಲುಗಿನಲ್ಲಿ ಹೇಳಿದರು, ಆಮೇಲೆ ಕನ್ನಡದಲ್ಲಿ. ಮೂರು ಭಾಷೆಯಲ್ಲೂ ಅದು ಅದೇ ಮಾತಾಗಿತ್ತು. ನಾಳೆ ಬೆಳಿಗ್ಗೆ ಮೊಣಕಾಲಿನ ಕೆಳಗೆ ತೆಗೆಯಬೇಕು, ಇಲ್ಲದಿದ್ದರೆ ಜೀವ ಹೋಗುತ್ತದೆ.

ಭಾವ ಜಗಲಿಯ ಕಂಬ ಹಿಡಿದು ನಿಂತರು. ಆಮೇಲೆ ನನ್ನ ಕಡೆ ತಿರುಗಿದರು. "ಏನಾತು? ಹ್ಯಾಂಗಾತು?"

ಆಗ ನಾನು ಹೇಳಿದ ಮಾತು ಇಷ್ಟೇ: "ಇಳುಕಲಿನ್ಯಾಗ ಇಳೀಲಿಕ್ಕೆ ಹತ್ತಿದ್ವಿ. ಮುಂದಿನ ಬಂಡಿ ಗಪ್ಪನೆ ನಿಂತುಬಿಡ್ತು."

ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕೇ ಹಾಗೆ ಹೇಳಲು ಬಂತು. ಅಜ್ಜ ಹತ್ತು ಹೆಜ್ಜೆ ಆಚೆ ಎತ್ತುಗಳ ಬಾಯಿಯ ನೊರೆ ಒರೆಸುತ್ತಾ ನಿಂತಿದ್ದ. ಅವನಿಗೆ ಕೇಳಿಸಿತು. ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ಒರೆಸತೊಡಗಿದ.

ಮರುದಿನ ಬೆಳಿಗ್ಗೆ ಅಕ್ಕನಿಗೆ ಮೂಗಿಗೆ ಔಷಧ ಹಿಡಿದು ನಿದ್ದೆ ಬರಿಸಿದರು. ನಾವು ಹೊರಗೆ ಬೇವಿನ ಮರದ ಕೆಳಗೆ ಕುಳಿತೆವು. ಸ್ವಲ್ಪ ಹೊತ್ತಿನ ಮೇಲೆ ದವಾಖಾನೆಯ ಆಳು ಬಂದು ಒಂದು ಚಿಕ್ಕ ಕಾಗದದ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಹೋದ. ಔಷಧವಿರಬೇಕು ಎಂದು ಬಿಚ್ಚಿದೆ. ಅವಳ ಕಾಲುಂಗುರ. ತೊಳೆದು ಒರೆಸಿ ಕೊಟ್ಟಿದ್ದರು, ಹೊಳೆಯುತ್ತಿತ್ತು. ನಾನು ಅದನ್ನು ನೋಡಿದ ಮೇಲೆಯೇ ನನಗೆ ನಡೆದದ್ದು ಏನೆಂದು ತಿಳಿದದ್ದು. ಅಲ್ಲಿಯವರೆಗೆ ಎಲ್ಲವೂ ಬೇರೆ ಯಾರಿಗೋ ಆದಂತೆ ಇತ್ತು. ಪೊಟ್ಟಣವನ್ನು ಮತ್ತೆ ಮಡಿಸಿ ಭಾವನ ಕೈಗೆ ಕೊಟ್ಟೆ.

ಮೂರು ದಿನದ ಮೇಲೆ ತಂದೆ ಬಂದರು. ಅವರಿಗೂ ಅದೇ ಮಾತು ಹೇಳಿದೆ. ಎರಡನೆಯ ಸಲ ಹೇಳುವುದು ಇನ್ನೂ ಸುಲಭವಾಗಿತ್ತು. ತಂದೆ ನೇರ ಅಜ್ಜನ ಬಳಿ ಹೋದರು. ಅವನು ದವಾಖಾನೆಯ ಆವರಣದ ಹೊರಗೆ ಎತ್ತು ಕಟ್ಟಿಕೊಂಡು ಅಲ್ಲೇ ಇದ್ದ. ಮೂರು ದಿನವೂ ಊರಿಗೆ ಹೋಗಿರಲಿಲ್ಲ.

"ಇಷ್ಟು ವರ್ಷ ಬಂಡಿ ಹೊಡದೀದಿ. ಇಳುಕಲಿನ್ಯಾಗ ಹಾಂಗ ನಿಂದ್ರಬಾರದು ಅಂತ ನಿನಗ ಗೊತ್ತಿಲ್ಲೇನು?"

"ಮುಂದ ಒಬ್ಬಾಕಿ ಮುದುಕಿ ಬಿದ್ದಿದ್ಲು ರಾಯರ."

"ಹಿಂದ ನನ್ನ ಮಗಳು ಕೂತಿದ್ಲು."

ನಾನು ತಂದೆಯ ಹಿಂದೆಯೇ ನಿಂತಿದ್ದೆ. ಅಜ್ಜ ಒಂದು ಮಾತು ಆಡಿದ್ದರೆ ಸಾಕಿತ್ತು. ಎರಡು ಸಲ ಕೂಗಿ ಹೇಳಿದ್ದೆ ಎಂದು ಅಂದಿದ್ದರೆ ಮುಗಿಯುತ್ತಿತ್ತು. ಅವನು ಅನ್ನಲಿಲ್ಲ. ತಂದೆ ಹೇಳಿದರು, "ಇನ್ನು ನಮ್ಮನಿ ಕಡೆ ಬರಬ್ಯಾಡಪಾ." ಅವನು ಎತ್ತುಗಳನ್ನು ಬಿಚ್ಚಿ ನೊಗಕ್ಕೆ ಕಟ್ಟಿದ. ಬಂಡಿ ನಮ್ಮದು, ಎತ್ತು ನಮ್ಮವು. ಸಿರುಗುಪ್ಪಕ್ಕೆ ಒಯ್ದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿ, ನಡೆದುಕೊಂಡು ಕೆಂಚನಗುಡ್ಡಕ್ಕೆ ಹೋದನೆಂದು ಆಮೇಲೆ ಅವ್ವನಿಂದ ತಿಳಿಯಿತು.

ಅಕ್ಕನಿಗೆ ಎರಡು ವಾರ ಜ್ವರ ಬಿಡಲಿಲ್ಲ. ಗುರುತು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಇಲ್ಲದ ಕಾಲಿನ ಬೆರಳು ತುರಿಸುತ್ತದೆ ಎಂದು ಅಳುತ್ತಿದ್ದಳು. ನಾವು ಏನು ಮಾಡಬೇಕೆಂದು ತಿಳಿಯದೆ ಹಾಸಿಗೆಯ ಮೇಲೆ ಕಾಲಿಲ್ಲದ ಜಾಗವನ್ನೇ ನೋಡುತ್ತಿದ್ದೆವು. ಜ್ವರ ಇಳಿದ ಮೇಲೆ ಭಾವ ಒಂದು ಮಧ್ಯಾಹ್ನ ಪೊಟ್ಟಣ ಬಿಚ್ಚಿ ಆ ಕಾಲುಂಗುರವನ್ನು ಅವಳ ಬಲಗಾಲಿನ ಇನ್ನೊಂದು ಬೆರಳಿಗೆ ತಾವೇ ಹಾಕಿದರು. "ಎರಡೂ ಒಂದ ಕಡೆ ಇರಲಿ ಬಿಡು. ಯಾರು ಕೇಳ್ತಾರ?" ಎಂದರು. ಗಂಡಸರು ಹೆಂಡತಿಯ ಕಾಲು ಮುಟ್ಟುವುದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ.

ಹದಿನೆಂಟನೆಯ ದಿನ ಅಕ್ಕ ದಿಂಬಿಗೆ ಒರಗಿ ಕುಳಿತಳು. ಗಂಜಿ ಕುಡಿದು ಬಟ್ಟಲು ನನ್ನ ಕೈಗೆ ಕೊಟ್ಟು ಕೇಳಿದಳು: "ಅಜ್ಜ ಯಾಕ ಒಮ್ಮೆನೂ ನೋಡ್ಲಿಕ್ಕೆ ಬಂದಿಲ್ಲ?"

"ಅಪ್ಪ ಬಿಡಿಸ್ಯಾರ."

"ಯಾಕ?"

"ಗಪ್ಪನೆ ನಿಲ್ಲಿಸಿದ ಅಂತ."

ಅವಳು ನನ್ನನ್ನು ನೋಡಿದಳು. ಆ ದಿನ ಇಳುಕಲಿನಲ್ಲಿ ನೋಡಿದ ಹಾಗಲ್ಲ. ಇದು ಬೇರೆ. ಎದುರಿಗೆ ಕುಳಿತವನು ಯಾರೆಂದು ಗುರುತು ಹತ್ತದವರು ನೋಡುವ ಹಾಗೆ.

"ನೀ ಏನಂತ ಹೇಳಿದಿ?"

ಹೇಳಿದ್ದನ್ನು ಹೇಳಿದೆ. ಒಂದು ಅಕ್ಷರ ಬಿಡದೆ.

"ಮುಂದಿನಾಂವ ನಿಂದ್ರಬಾರದೇನು? ಮುದುಕಿ ಮ್ಯಾಲೆ ಹಾಯಿಸ್ಕೊಂಡು ಹೋಗಬೇಕಿತ್ತೇನು ಅಂವ, ನೀ ಕಥಿ ಕೇಳ್ಕೋತ ಬರ್ತಿದ್ದಿ ಅಂತ?" ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಕಾಲು ಹೋತು. ಅದು ನಿನ್ನಿಂದನೂ ಹೋತು, ನನ್ನಿಂದನೂ ಹೋತು. ಕರದು ಕರದು ಕಥಿ ಹೇಳಿದಾಕಿ ನಾನ. ಇದರಾಗ ಅವಂದೇನದ? ನಾ ಇಲ್ಲಿ ಸತ್ತಿದ್ರ ನೀ ಆ ಮಾತು ಹಾಂಗೇ ಇಟ್ಕೊಂಡಿರ್ತಿದ್ದೆಲ್ಲ?"

ಇಟ್ಟುಕೊಂಡಿರುತ್ತಿದ್ದೆ. ಅದು ನನಗೆ ಆ ಕ್ಷಣ ಗೊತ್ತಾಯಿತು. ಬಟ್ಟಲನ್ನು ನೆಲದ ಮೇಲೆ ಇಟ್ಟೆ. ಅವಳು ಗೋಡೆಯ ಕಡೆ ತಿರುಗಿ, "ಅಪ್ಪನ ಮುಂದ ಹೇಳಿ ಬಾ. ಆಮ್ಯಾಲೆ ನನ್ನ ಕೂಡ ಮಾತಾಡು," ಎಂದಳು.

ತಂದೆ ಭಾವನ ಮನೆಯ ಹಿತ್ತಲಲ್ಲಿ ಪಂಚೆ ಒಣಹಾಕುತ್ತಿದ್ದರು. ಎರಡು ಸಲ ಕೂಗಿದ್ದನ್ನು, ನಾನು ಎರಡು ಸಲವೂ ಮತ್ತೆ ಮುಂದೆ ಹೋದದ್ದನ್ನು, ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಪಂಚೆಯ ತುದಿ ಹಿಡಿದುಕೊಂಡೇ ನಿಂತರು. ಕೊನೆಗೆ "ನನ್ನ ಬಾಯಿಲೆ ಆ ಮಾತು ಆಡಿಸಿದೆಲ್ಲೋ" ಎಂದರು, ಅಷ್ಟೆ. ಮರುದಿನ ಬೆಳಿಗ್ಗೆ ಬಾಡಿಗೆ ಬಂಡಿ ಮಾಡಿಕೊಂಡು ಇಬ್ಬರೂ ಹೊರಟೆವು. ಕುರುಗೋಡಿನ ಇಳುಕಲು ಬಂದಾಗ ತಂದೆ ಬಂಡಿಯಿಂದ ಇಳಿದು ನಡೆದರು.

ಕೆಂಚನಗುಡ್ಡದಲ್ಲಿ ಅಜ್ಜ ಹೊಳೆಯಲ್ಲಿ ಯಾರದೋ ಎತ್ತುಗಳ ಮೈ ತೊಳೆಯುತ್ತಿದ್ದ. ಹತ್ತಿ ಸಾಗಿಸುವವರ ಬಂಡಿ ಹಿಡಿದಿದ್ದಾನೆಂದು ಊರಲ್ಲಿ ಹೇಳಿದ್ದರು. ತಂದೆ ಚಪ್ಪಲಿ ಬಿಟ್ಟು ನೀರಿಗೇ ಇಳಿದರು. ಕಚೇರಿಯ ಕೋಟಿನ ಅಂಚು ನೀರಿನಲ್ಲಿ ನೆನೆಯಿತು. ಕೈ ಮುಗಿದರು. "ತಪ್ಪಾತಪಾ. ತಿಳೀದ ಅಂದೆ."

ಅಜ್ಜ ಗಾಬರಿಯಾಗಿ ಹಿಂದೆ ಸರಿದ. "ಏ, ಕೈ ಇಳಸ್ರಿ ರಾಯರ. ನೋಡೋರು ಏನಂದಾರು."

ನಾನೂ ನೀರಿಗಿಳಿದೆ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಹೋಗಿತ್ತು. "ಅಜ್ಜ, ಅವತ್ತ ಯಾಕ ಸುಮ್ಮನಿದ್ದಿ? ನಾ ಮಾಡಿದ್ದು ಅಂತ ಯಾಕ ಹೇಳಲಿಲ್ಲ?" ಎಂದಷ್ಟೇ ಕೇಳಿದೆ. ಈಗ ನೆನೆದರೆ ಅದೂ ಅವನ ಮೇಲೆಯೇ ಹಾಕಿದ ಮಾತು.

ಅವನು ಎತ್ತಿನ ಬೆನ್ನಿನ ಮೇಲೆ ಕೈಯಿಟ್ಟ. "ನಾನೂ ಒಂದು ಮಾತು ಹೇಳಿಲ್ಲ ಸಣ್ಣ ರಾಯರ. ಎರಡು ಸಲ ಹಿಂದ ಸರೀರಿ ಅಂದೆ. ಇಳುಕಲು ಬಂದಾಗ ನೀವು ಮತ್ತ ಹತ್ರ ಅದೀರಿ ಅಂತ ನನಗ ಗೊತ್ತಿತ್ತು. ನಗೂ ಸಪ್ಪಳ ಬೆನ್ನಿಗೇ ಕೇಳತಿತ್ತು. ಇಳಿಯಾಕ ಮೊದಲ ಬಂಡಿ ನಿಂದ್ರಿಸಿ, ತಾಯೀ ಕಾಲು ಮ್ಯಾಲೆ ತೊಗೊಳ್ರಿ ಅಂತ ಅನ್ನಬೇಕಾಗಿತ್ತು. ಪಾಪ, ಗಂಡನ ಮನಿಗೆ ಹೊಂಟಾಳ, ಇನ್ನೊಂದೀಟು ನಗಲಿ ಅಂತ ಸುಮ್ಮನಾದೆ. ಇಷ್ಟು ವರ್ಷ ಬಂಡಿ ಹೊಡದಾಂವ ನಾನು. ನೀವಲ್ಲ. ರಾಯರು ಬೈದಾಗ ಯಾವ ಬಾಯಿಲೆ ಇಲ್ಲ ಅನ್ನಲಿ?"

ಇಷ್ಟು ದಿನ ನಾನು ಅವನ ಮೌನವನ್ನು ಹೆದರಿಕೆ ಎಂದುಕೊಂಡಿದ್ದೆ. ಕೂಲಿಯವನು, ರಾಯರ ಮುಂದೆ ಬಾಯಿ ಬಿಡಲಾರ ಎಂದುಕೊಂಡಿದ್ದೆ. ಅವನು ಅಷ್ಟು ದಿನವೂ ಒಬ್ಬನೇ ತಾನು ಕೂಗದೆ ಬಿಟ್ಟ ಮೂರನೆಯ ಕೂಗನ್ನು ನೆನೆದುಕೊಂಡು ಕುಳಿತಿದ್ದ.

ತಂದೆ ಮತ್ತೆ ನಮ್ಮಲ್ಲಿಗೆ ಬಾ ಎಂದರು. ಹತ್ತಿಯ ಬಂಡಿಯವರಿಗೆ ಮಾತು ಕೊಟ್ಟಿದ್ದೇನೆ, ಹತ್ತಿ ಸಾಗಿಸುವುದು ಮುಗಿಯಲಿ ಎಂದ. ಅದು ಮುಗಿದ ಮೇಲೂ ಕೆಲಸಕ್ಕೆ ಬರಲಿಲ್ಲ. ಆದರೆ ಅಕ್ಕನನ್ನು ನೋಡಲು ಬಳ್ಳಾರಿಗೆ ಹೋಗುತ್ತಿದ್ದ. ಹೋದಾಗೆಲ್ಲ ಅವಳು ಅವನಿಗೆ ತಾನೇ ಊಟಕ್ಕೆ ಬಡಿಸುತ್ತಿದ್ದಳು. ಬಡಗಿಯೊಬ್ಬ ಅವಳಿಗೆ ಕಂಕುಳಲ್ಲಿ ಇಟ್ಟುಕೊಳ್ಳುವ ಊರುಗೋಲು ಮಾಡಿಕೊಟ್ಟಿದ್ದ. ಅದರ ಮೇಲೆ ಭಾರ ಹಾಕಿ, ಇನ್ನೊಂದು ಕೈಯಲ್ಲಿ ಸಾರಿನ ಪಾತ್ರೆ ಹಿಡಿದು ಅವಳು ನಡುಮನೆ ದಾಟುವುದನ್ನು ನೋಡುವಾಗ ನಾನು ಎದ್ದು ನಿಲ್ಲುತ್ತಿದ್ದೆ. "ಕೂಡೋ, ನಿನ್ನ ಮೈ ಮ್ಯಾಲೆ ಚೆಲ್ಲೂದಿಲ್ಲ" ಎನ್ನುತ್ತಿದ್ದಳು.

ಅವಳಿಗೆ ಮೂವರು ಮಕ್ಕಳಾದರು. ಭಾವನಿಗೆ ವರ್ಗವಾದಲ್ಲೆಲ್ಲ ಹೋದಳು. ಹೊಸ ಊರು, ಹೊಸ ಓಣಿ. ನೆರೆಮನೆಯ ಹೆಂಗಸರು ಬಂದು ಕಾಲಿಗೆ ಏನಾಗಿತ್ತು ಎಂದು ಕೇಳಿಯೇ ಕೇಳುತ್ತಿದ್ದರು. ನಾನು ಅಲ್ಲೇ ಕುಳಿತಿದ್ದರೂ ಅಕ್ಕ ನನ್ನ ಕಡೆ ಕೈ ತೋರಿಸಿ, "ಇವನ ಬಂಡಿ ಬಡದು ಹೋತು" ಎಂದು ಹೇಳಿ, ಈಳಿಗೆಯ ಮೇಲೆ ಬದನೆಕಾಯಿ ಹೆಚ್ಚುವುದನ್ನು ಮುಂದುವರಿಸುತ್ತಿದ್ದಳು. ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನನ್ನ ತಲೆಗೂದಲು ನರೆತ ಮೇಲೂ ಆ ಮಾತಿಗೆ ಎದೆ ಝಲ್ಲೆನ್ನುವುದು ನಿಲ್ಲಲಿಲ್ಲ. ಅವಳು ಇನ್ನೊಂದು ಬದನೆಕಾಯಿ ತೆಗೆದುಕೊಂಡು, ಊಟಕ್ಕೆ ಇರುತ್ತೀಯೇನೋ ಎಂದು ನನ್ನನ್ನು ಕೇಳುತ್ತಿದ್ದಳು.